ಚಿನ್ನದಂಗಡಿ ಜಗಲಿಯ ಮೇಲೆ ರಾತ್ರಿ ಊಟ

ಮಧ್ಯಪ್ರದೇಶದ ಇಂದೋರಿನಲ್ಲಿ ಕೆಲಸ ಸಿಕ್ಕಿತು ಅಂದಾಗ ನೆಂಟರಿಷ್ಟರಿಗೆಲ್ಲ ಆ ಊರಿನ ಬಗ್ಗೆ ಗೊತ್ತಿದ್ದದ್ದು ಒಂದೇ ಮಾತು. ದೇಶದಲ್ಲೇ ಸ್ವಚ್ಛ ನಗರ ಅಂತೆ ಅಲ್ವಾ? ಹೌದು, ಅದು ನಿಜ. ಸ್ವಚ್ಛ ಸರ್ವೇಕ್ಷಣೆಯಲ್ಲಿ 2017ರಲ್ಲಿ ಮೊದಲ ಸ್ಥಾನಕ್ಕೆ ಬಂದ ಊರು ಆಮೇಲೆ ಕೆಳಗಿಳಿದಿಲ್ಲ. 2023ರಲ್ಲಿ ಮಾತ್ರ ಆ ಸ್ಥಾನವನ್ನು ಸೂರತ್ ಜೊತೆ ಹಂಚಿಕೊಂಡಿತು. ಆದರೆ ಇಲ್ಲಿನ ರಾತ್ರಿಗಳ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಈಗ ಯಾರಾದರೂ ಇಂದೋರ್ ಹೇಗಿದೆ ಅಂತ ಕೇಳಿದರೆ ನಾನು ರಾತ್ರಿಯಿಂದಲೇ ಶುರು ಮಾಡುತ್ತೇನೆ.

ನೈಟ್‌ಲೈಫ್ ಅಂದರೆ ನಮಗೆ ನೆನಪಾಗುವುದು ಪಬ್ಬು, ಎದೆ ನಡುಗಿಸುವ ಸಂಗೀತ, ಬಾಗಿಲಲ್ಲಿ ನಿಂತ ಬೌನ್ಸರು. ಇಲ್ಲಿನ ವಿಜಯನಗರ ಬಡಾವಣೆಯ ಕಡೆ ಹೋದರೆ ಇಲ್ಲೂ ಅವು ಸಿಗುತ್ತವೆ. ಬೇರೆ ದೊಡ್ಡ ಊರುಗಳಲ್ಲಿ ಹೇಗಿವೆಯೋ ಹಾಗೇ ಇವೆ. ಇಂದೋರಿನದೇ ಆದ ರಾತ್ರಿ ಬೇರೆ ಇದೆ. ಅದರಲ್ಲಿ ಅಜ್ಜಿಯರಿದ್ದಾರೆ, ಅಪ್ಪನ ಹೆಗಲ ಮೇಲೆ ನಿದ್ದೆ ಹೋದ ಮಕ್ಕಳಿದ್ದಾರೆ, ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿದ್ದಾರೆ, ಆಗ ತಾನೇ ಅಂಗಡಿ ಮುಚ್ಚಿ ಬಂದ ವ್ಯಾಪಾರಿಗಳಿದ್ದಾರೆ. ಎಲ್ಲರೂ ಹನ್ನೊಂದು ಗಂಟೆ ರಾತ್ರಿಯಲ್ಲಿ ಬೀದಿಯಲ್ಲಿ ನಿಂತು ತಿನ್ನುತ್ತಿರುತ್ತಾರೆ.

ಆ ಬೀದಿಯ ಹೆಸರು ಸರಾಫಾ. ಇಂದೋರನ್ನು ಆಳಿದ ಹೋಳ್ಕರರ ಹಳೆಯ ಅರಮನೆ ರಾಜವಾಡಾ ಇದೆಯಲ್ಲ, ಕೆಳಗಿನ ಮೂರು ಅಂತಸ್ತು ಕಲ್ಲು, ಮೇಲಿನ ನಾಲ್ಕು ಮರ, ಅದರ ಹಿಂದಿನ ಕಡೆಗೆ ಬರುತ್ತದೆ. ಹಗಲಲ್ಲಿ ಅದು ಚಿನ್ನ ಬೆಳ್ಳಿಯ ಪೇಟೆ. ಕಿರಿದಾದ ರಸ್ತೆ, ಎರಡೂ ಕಡೆ ಒತ್ತೊತ್ತಾಗಿ ಒಡವೆ ಅಂಗಡಿಗಳು, ಗಾಜಿನ ಹಿಂದೆ ತಕ್ಕಡಿಗಳು. ಗುಲಗಂಜಿ ತೂಕಕ್ಕೂ ಲೆಕ್ಕ ಇಡುವ ಜಾಗ. ರಾತ್ರಿ ಎಂಟು ಗಂಟೆಯ ಹೊತ್ತಿಗೆ ಷಟರ್‌ಗಳು ಇಳಿಯತೊಡಗುತ್ತವೆ. ಒಂದು ಅಂಗಡಿಯ ಬೀಗ ಬೀಳುವುದನ್ನೇ ಕಾಯುತ್ತಿದ್ದವರು ಅದರ ಜಗಲಿಯ ಮೇಲೆ ಒಲೆ ಇಡುತ್ತಾರೆ, ತವಾ ಇಡುತ್ತಾರೆ, ಬಲ್ಬು ತೂಗುಹಾಕುತ್ತಾರೆ. ಒಂಬತ್ತೂವರೆ ಹೊತ್ತಿಗೆ ಇಡೀ ಬೀದಿ ಅಡುಗೆಮನೆ ಆಗಿರುತ್ತದೆ. ನಡುರಾತ್ರಿ ದಾಟಿದ ಮೇಲೂ, ಒಂದು ಎರಡು ಗಂಟೆಯವರೆಗೂ, ಜನ ಬರುತ್ತಲೇ ಇರುತ್ತಾರೆ.

ಚಿನ್ನದಂಗಡಿಯವರು ತಮ್ಮ ಜಗಲಿಯನ್ನು ಬಜ್ಜಿ ಕರಿಯುವವರಿಗೆ ಯಾಕೆ ಬಿಟ್ಟುಕೊಡುತ್ತಾರೆ? ಇಲ್ಲಿ ಯಾರನ್ನು ಕೇಳಿದರೂ ಒಂದೇ ಕಾರಣ ಹೇಳುತ್ತಾರೆ. ಜನ ಇದ್ದ ಕಡೆ ಕಳ್ಳ ಬರುವುದಿಲ್ಲ. ಷಟರ್ ಹಿಂದೆ ಬಂಗಾರ, ಷಟರ್ ಮುಂದೆ ಸಾವಿರಾರು ಕಣ್ಣು. ಹಿಂದೆ ಯಾವಾಗಲೋ ಹೀಗೆ ಶುರುವಾದ ಒಪ್ಪಂದ ತಲೆಮಾರುಗಳಿಂದ ನಡೆದುಬಂದಿದೆ. ನನಗೆ ಈ ಊರಿನಲ್ಲಿ ತುಂಬಾ ಇಷ್ಟವಾದದ್ದು ಇದೇ. ನಮ್ಮ ಮನೆ ಮುಂದೆ ಯಾರಾದರೂ ಸ್ಕೂಟರ್ ನಿಲ್ಲಿಸಿದರೂ ಕೂಗಾಡುವ ಕಾಲದಲ್ಲಿ ಒಬ್ಬರ ಜಾಗ ಹಗಲು ಅವರದು, ರಾತ್ರಿ ಇನ್ನೊಬ್ಬರದು ಅಂತ ನಡೆದುಕೊಂಡು ಹೋಗುತ್ತಿದೆ. ಬೆಳಿಗ್ಗೆ ಚಿನ್ನದಂಗಡಿಯವರು ಬರುವ ಹೊತ್ತಿಗೆ ಬೀದಿ ಗುಡಿಸಿ ತೊಳೆದು ಆಗಿರುತ್ತದೆ.

ಈಗ ತಿಂಡಿಗೆ ಬರೋಣ. ಹೊಸಬರು ಸರಾಫಾದಲ್ಲಿ ಮೊದಲು ತಿನ್ನಬೇಕಾದದ್ದು ಭುಟ್ಟೆ ಕಾ ಕೀಸ್. ಎಳೆಯ ಮೆಕ್ಕೆಜೋಳವನ್ನು ತುರಿದು ಮಾಡುವ ತಿಂಡಿ. ದೊಡ್ಡ ಬಾಣಲೆಯಲ್ಲಿ ತುಪ್ಪ, ಇಂಗು, ಜೀರಿಗೆ, ಹಸಿಮೆಣಸಿನಕಾಯಿ. ತುರಿದ ಜೋಳ ಹಾಕಿ ಹುರಿಯುತ್ತಾರೆ. ಆಮೇಲೆ ಹಾಲು. ಹಾಲೆಲ್ಲ ಇಂಗುವವರೆಗೂ ಕೈ ಬಿಡದೆ ಮಗುಚಬೇಕು. ಬಿಟ್ಟರೆ ತಳ ಹಿಡಿಯುತ್ತದೆ. ನಾನು ಯಾವಾಗಲೂ ಹೋಗುವ ಕಡೆ ಮಗುಚುವವರು ಮಾತಾಡುತ್ತಾ, ದುಡ್ಡು ತೆಗೆದುಕೊಳ್ಳುತ್ತಾ, ಯಾರನ್ನೋ ಬೈಯುತ್ತಾ ಇದ್ದರೂ ಬಲಗೈ ಮಾತ್ರ ಒಂದೇ ಲಯದಲ್ಲಿ ತಿರುಗುತ್ತಿರುತ್ತದೆ. ಕೊನೆಗೆ ಕೊತ್ತಂಬರಿ, ಕಾಯಿತುರಿ, ನಿಂಬೆರಸ. ನೋಡಲು ಮೆತ್ತಗಿನ ಉಪ್ಪಿಟ್ಟಿನ ಹಾಗಿರುತ್ತದೆ. ಬಾಯಿಗೆ ಹಾಕಿದರೆ ಜೋಳದ ಸಿಹಿ, ಹಾಲಿನ ಸಿಹಿ, ಅವೆರಡರ ನಡುವಿನಿಂದ ಮೆಣಸಿನಕಾಯಿ ಖಾರ. ಮೆಕ್ಕೆಜೋಳವನ್ನು ಸುಟ್ಟು ಅಥವಾ ಬೇಯಿಸಿ ತಿಂದು ಬೆಳೆದವಳು ನಾನು. ಅದರೊಳಗೆ ಇಷ್ಟೆಲ್ಲ ರುಚಿ ಅಡಗಿದೆ ಅಂತ ಊಹಿಸಿರಲಿಲ್ಲ.

ಆ ಜಾಗದಲ್ಲೇ ಒಬ್ಬರು ಅಜ್ಜಿ ನನಗೆ ಸರಾಫಾದಲ್ಲಿ ತಿನ್ನುವ ಕ್ರಮ ಹೇಳಿಕೊಟ್ಟರು. ಮಗ, ಸೊಸೆ, ಮೊಮ್ಮಕ್ಕಳ ಜೊತೆ ಬಂದಿದ್ದರು. ನಾನೊಬ್ಬಳೇ ತಟ್ಟೆ ಹಿಡಿದು ನಿಂತಿದ್ದು ಅವರ ಕಣ್ಣಿಗೆ ಬಿತ್ತು. "ಬೇಟಾ, ಎಲ್ಲಿಯವಳು ನೀನು?" ಅಂದರು. ಕರ್ನಾಟಕ ಅಂದೆ. "ಹಾಗಾದರೆ ಕೇಳು. ಕೀಸ್ ಮೊದಲು. ಆಮೇಲೆ ದಹಿ ಬಡಾ. ಜಲೇಬಾ ಕೊನೆಗೆ, ಅದೂ ಹಂಚಿಕೊಂಡು. ಒಬ್ಬಳೇ ತಿಂದರೆ ನಾಳೆ ನಿನಗೆ ಆಫೀಸಿಲ್ಲ." ಹೇಳಿ ಸುಮ್ಮನಾಗಲಿಲ್ಲ, ಜಲೇಬಾ ಬಂದಾಗ ಒಂದು ತುಂಡು ಮುರಿದು ನನ್ನ ತಟ್ಟೆಗೇ ಹಾಕಿದರು. ಜಲೇಬಾ ಅಂದರೆ ತಟ್ಟೆ ತುಂಬುವಷ್ಟು ದೊಡ್ಡ ಜಿಲೇಬಿ. ಹೊರಗೆ ಗರಿಗರಿ, ಒಳಗೆ ಪಾಕ. ಒಬ್ಬರಿಂದ ಮುಗಿಸಲು ಆಗುವುದೇ ಇಲ್ಲ, ಹಂಚಿಕೊಳ್ಳಲೇಬೇಕು.

ದಹಿ ಬಡಾಕ್ಕೆ ಜೋಶಿಯವರ ಅಂಗಡಿ ಹೆಸರುವಾಸಿ. ಮೊಸರುವಡೆ ಹಾಕಿದ ದೊನ್ನೆಯನ್ನು ಗಾಳಿಗೆ ಎಸೆದು, ಒಂದು ಹನಿ ಮೊಸರೂ ಚೆಲ್ಲದ ಹಾಗೆ ಹಿಡಿಯುತ್ತಾರೆ. ಎಲ್ಲರೂ ಫೋನ್ ಎತ್ತಿ ವಿಡಿಯೋ ಮಾಡುವುದು ಅದನ್ನೇ. ನನಗೆ ಅದಕ್ಕಿಂತ ಹಿಡಿಸಿದ್ದು ಅದರ ನಂತರದ ಕೆಲಸ. ಬೇರೆ ಬೇರೆ ಪುಡಿಗಳನ್ನು ಒಂದೇ ಕೈಯ ಬೆರಳುಗಳ ನಡುವೆ ಚಿಟಿಕೆ ಹಿಡಿದು, ಒಂದರ ನಂತರ ಒಂದನ್ನು ಬೇರೆಬೇರೆಯಾಗಿಯೇ ಉದುರಿಸುತ್ತಾರೆ. ಒಂದಕ್ಕೊಂದು ಬೆರೆಯುವುದಿಲ್ಲ. ಹತ್ತಿರ ನಿಂತು ನೋಡಬೇಕು. ವರ್ಷಗಟ್ಟಲೆ ಮಾಡಿದ ಕೈಗೆ ಮಾತ್ರ ಬರುವ ವಿದ್ಯೆ ಅದು.

ಚಳಿಗಾಲದಲ್ಲಿ ಬಂದರೆ ಗರಾಡು ಬಿಡಬೇಡಿ. ಗೆಣಸಿನ ಜಾತಿಯ ಗೆಡ್ಡೆ, ತುಂಡು ಮಾಡಿ ಎಣ್ಣೆಯಲ್ಲಿ ಕರಿದು, ಮಸಾಲೆ ಪುಡಿ ಉದುರಿಸಿ ನಿಂಬೆ ಹಿಂಡಿ ಕೊಡುತ್ತಾರೆ. ಬೇಸಿಗೆಯಲ್ಲಿ ಕೇಳಿದರೆ ಸಿಗುವುದಿಲ್ಲ. ಕೊಬ್ಬರಿ ತುಂಬಿದ ಆಲೂ ಪ್ಯಾಟಿಸ್ ಇದೆ, ಹಬೆಯ ಮೇಲೆ ಬೆಚ್ಚಗಿಟ್ಟು ಎದುರಿಗೇ ಮಸಾಲೆ ಕಲಸಿ ಕೊಡುವ ಸಾಬೂದಾನ ಖಿಚಡಿ ಇದೆ. ಶಿಕಂಜಿ ಅಂತ ಕೇಳಿದರೆ ಉತ್ತರದ ಬೇರೆ ಊರುಗಳಲ್ಲಿ ನಿಂಬೆ ಪಾನಕ ಕೊಡುತ್ತಾರೆ. ಇಲ್ಲಿ ಕೇಸರಿ, ಒಣಹಣ್ಣು ಹಾಕಿದ ಗಟ್ಟಿ ಹಾಲಿನ ಪಾನೀಯ ಬರುತ್ತದೆ. ಬೆಳಿಗ್ಗೆ ಎದ್ದರೆ ಅವಲಕ್ಕಿ ಜಿಲೇಬಿ ಕಾದಿರುತ್ತದೆ. ಮೆತ್ತನೆಯ ಬಿಸಿ ಪೋಹಾ, ಮೇಲೆ ಸೇವ್, ಈರುಳ್ಳಿ, ಜೀರಾವನ್ ಅನ್ನುವ ಮಸಾಲೆ ಪುಡಿ, ಪಕ್ಕದಲ್ಲೇ ಬಿಸಿ ಜಿಲೇಬಿ. ಖಾರ ಒಂದು ತುತ್ತು, ಸಿಹಿ ಒಂದು ತುತ್ತು. ಇದಕ್ಕೆ ಹೊಂದಿಕೊಳ್ಳಲು ನನಗೆ ಹೊತ್ತೇ ಹಿಡಿಯಲಿಲ್ಲ.

ತಿಂಡಿ ಬಿಟ್ಟು ಇನ್ನೊಂದು ವಿಷಯ ಹೇಳಬೇಕು. ಹೆಣ್ಣುಮಕ್ಕಳಿಗೆ ರಾತ್ರಿ ಅಂದರೆ ಯಾವಾಗಲೂ ಲೆಕ್ಕಾಚಾರವೇ. ಎಷ್ಟು ಗಂಟೆ ಆಯಿತು, ಆಟೋ ಸಿಗುತ್ತಾ, ಹಿಂದೆ ಯಾರು ಬರುತ್ತಿದ್ದಾರೆ. ಸರಾಫಾದಲ್ಲಿ ನಿಂತಾಗ ಆ ಲೆಕ್ಕ ನಿಂತುಹೋಗುತ್ತದೆ. ಪೊಲೀಸರು ಜಾಸ್ತಿ ಇದ್ದಾರೆ ಅಂತಲ್ಲ, ಅಜ್ಜಿಯರು ಜಾಸ್ತಿ ಇದ್ದಾರೆ. ಬಂಗಾರ ಕಾಯುವ ಕಣ್ಣುಗಳೇ ನಮ್ಮನ್ನೂ ಕಾಯುತ್ತವೆ. ಊರಿನ ಎಲ್ಲ ರಸ್ತೆಗಳೂ ಹೀಗೆ ಅಂತ ನಾನು ಹೇಳಲಾರೆ. ಮನೆಗೆ ಮರಳುವಾಗ ಖಾಲಿ ರಸ್ತೆಯಲ್ಲಿ ಲೆಕ್ಕ ಮತ್ತೆ ಶುರುವಾಗುತ್ತದೆ. ಆದರೆ ಹೀಗೂ ಇರಬಹುದು ಅಂತ ತೋರಿಸುವ ಒಂದು ಬೀದಿ ಇಲ್ಲಿದೆ.

ರಾತ್ರಿಯನ್ನು ಸರ್ಕಾರದ ಆದೇಶದಿಂದ ತೆರೆಯುವ ಪ್ರಯತ್ನವೂ ಈ ಊರಲ್ಲಿ ಆಗಿದೆ. 2022ರಲ್ಲಿ, ಬಸ್ಸುಗಳಿಗೆಂದೇ ಬೇರೆ ಪಥವಿದ್ದ (ಬಿ.ಆರ್.ಟಿ.ಎಸ್.) ಉದ್ದನೆಯ ರಸ್ತೆಯ ಅಕ್ಕಪಕ್ಕದ ಅಂಗಡಿ, ಕಚೇರಿಗಳು 24 ಗಂಟೆ ತೆರೆದಿರಬಹುದು ಅಂತ ಅನುಮತಿ ಕೊಟ್ಟರು. ಐ.ಟಿ. ಕಂಪನಿಗಳು ಬರಲಿ, ರಾತ್ರಿ ಪಾಳಿಯವರಿಗೆ ಊಟ ಸಿಗಲಿ ಅನ್ನುವುದು ಯೋಚನೆ. ಕುಡಿತ, ಗಲಾಟೆ ಹೆಚ್ಚಾಯಿತು ಅಂತ ದೂರುಗಳು ಬಂದವು. 2024ರಲ್ಲಿ ಅನುಮತಿ ವಾಪಸ್ ಆಯಿತು. ಅದೇ ಊರು, ಅದೇ ಜನ. ಆ ರಸ್ತೆಯಲ್ಲಿ ಅಂಗಡಿಗಳ ಬಾಗಿಲು ತೆರೆದಿತ್ತು, ಆದರೆ ಅದು ತಮ್ಮದು ಅಂತ ನೋಡಿಕೊಳ್ಳುವವರು ಇರಲಿಲ್ಲ ಅಂತ ನನಗನ್ನಿಸುತ್ತದೆ. ಸರಾಫಾದಲ್ಲಿ ಪ್ರತಿ ಜಗಲಿಗೂ ಹಗಲು ಒಬ್ಬ ಯಜಮಾನ, ರಾತ್ರಿ ಒಬ್ಬ ಯಜಮಾನ ಇದ್ದಾರೆ. ಗಲಾಟೆ ಆದರೆ ಇಬ್ಬರಿಗೂ ನಷ್ಟ.

ಚಿತ್ರಕಲೆ ಹುಡುಕಿಕೊಂಡು ಬಂದವರಿಗೂ ಇಂದೋರ್ ದೊಡ್ಡ ಊರು. ಡಿ.ಡಿ. ದೇವಲಾಲೀಕರ್ ಅನ್ನುವ ಮೇಷ್ಟ್ರು 1927ರಲ್ಲಿ ಇಲ್ಲಿ ಚಿತ್ರಕಲಾ ಶಾಲೆ ಶುರು ಮಾಡಿದರು. ಅವರ ಕೈಕೆಳಗೆ ಕಲಿತವರಲ್ಲಿ ಎನ್.ಎಸ್. ಬೇಂದ್ರೆ ಇದ್ದರು, ಎಂ.ಎಫ್. ಹುಸೇನ್ ಇದ್ದರು. ಹುಸೇನ್ ಹುಟ್ಟಿದ್ದು ಪಂಢರಪುರದಲ್ಲಿ, ಬೆಳೆದದ್ದು ಈ ಊರಿನ ಗಲ್ಲಿಗಳಲ್ಲಿ. ಆದರೆ ಇಂದೋರಿಗರು ಪ್ರೀತಿಯಿಂದ ಗುರೂಜಿ ಅಂತ ಕರೆಯುವುದು ವಿಷ್ಣು ಚಿಂಚಾಲ್ಕರ್ ಅವರನ್ನು. ಒಣಗಿದ ಎಲೆ, ಬೀಜ, ಮುರಿದ ಕಡ್ಡಿ, ನಾವು ಎಸೆದ ವಸ್ತುಗಳಲ್ಲಿ ಮುಖ, ಹಕ್ಕಿ, ಪ್ರಾಣಿಗಳನ್ನು ಕಂಡವರು ಅವರು. ಕಸ ಬೇರ್ಪಡಿಸುವುದರಲ್ಲಿ ಹೆಸರು ಮಾಡಿದ ಊರಿಗೆ ಅದಕ್ಕೂ ಎಷ್ಟೋ ಮೊದಲೇ ಇಂಥ ಒಬ್ಬ ಕಲಾವಿದ ಸಿಕ್ಕಿದ್ದ.

ಇನ್ನೊಂದು ಕಲೆ ಅರಮನೆಯದು. ಯಶವಂತರಾವ್ ಹೋಳ್ಕರ್ ಅನ್ನುವ ಯುವ ರಾಜ 1930ರ ದಶಕದ ಆರಂಭದಲ್ಲಿ ಜರ್ಮನಿಯ ವಾಸ್ತುಶಿಲ್ಪಿ ಎಕಾರ್ಟ್ ಮುಥೇಸಿಯಸ್ ಕೈಯಲ್ಲಿ ಮಾಣಿಕ್ ಬಾಗ್ ಅರಮನೆ ಕಟ್ಟಿಸಿದ. ಗೋಪುರ, ಗುಮ್ಮಟ, ಕೆತ್ತನೆ ಯಾವುದೂ ಇಲ್ಲ. ನೇರ ಗೆರೆಗಳು, ಯುರೋಪಿನ ಹೊಸ ವಿನ್ಯಾಸಕಾರರ ಕುರ್ಚಿ ದೀಪಗಳು. ರೊಮೇನಿಯಾದ ಶಿಲ್ಪಿ ಬ್ರಂಕೂಶಿಯಿಂದ 'ಬರ್ಡ್ ಇನ್ ಸ್ಪೇಸ್' ಮಾಲೆಯ ಮೂರು ಹಕ್ಕಿಗಳನ್ನು ರಾಜ ಕೊಂಡ. ಅವುಗಳಿಗೆ ಒಂದು ಧ್ಯಾನಮಂದಿರ ಕಟ್ಟಬೇಕೆಂದು ಶಿಲ್ಪಿಯನ್ನು ಇಂದೋರಿಗೇ ಕರೆಸಿದ. ಬ್ರಂಕೂಶಿ 1937-38ರ ಚಳಿಗಾಲದಲ್ಲಿ ಬಂದ. ಮಂದಿರ ಮಾತ್ರ ಏಳಲಿಲ್ಲ. ಅಮೃತಶಿಲೆಯ ಎರಡು ಹಕ್ಕಿಗಳು ಈಗ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿವೆ, ಕಂಚಿನದು ಅಮೆರಿಕದಲ್ಲಿದೆ. ಪೀಠೋಪಕರಣಗಳು 1980ರಲ್ಲಿ ಮೊನಾಕೊದಲ್ಲಿ ಹರಾಜಾದವು. ಅರಮನೆಯಲ್ಲಿ ಈಗ ಕೇಂದ್ರ ಸರ್ಕಾರದ ತೆರಿಗೆ ಕಚೇರಿ. ಹೊರಗೆ ನಿಂತು ಗೇಟಿನ ಆಚೆಯ ಕಟ್ಟಡ ನೋಡಿದಾಗ ನನಗೆ ಬೇಸರವಾಯಿತು. ಅಷ್ಟು ಚೆಂದದ ವಸ್ತುಗಳು ಈ ಊರಲ್ಲಿದ್ದವು, ಊರಿನವರಲ್ಲಿ ಬಹುಪಾಲು ಜನ ಅವನ್ನು ನೋಡುವ ಮೊದಲೇ ಹೋಗಿಬಿಟ್ಟವು.

ಬೀದಿಗೆ ಬಂದ ಕಲೆಯ ಕಥೆ ಬೇರೆ. ನಮ್ಮಲ್ಲಿ ಅನಂತಪದ್ಮನಾಭ ವ್ರತ ಮಾಡುವ ದಿನ ಇಲ್ಲಿ ಗಣಪತಿ ಬಿಡುವ ದಿನ. ಆ ರಾತ್ರಿ ಇಂದೋರ್ ಮಲಗುವುದಿಲ್ಲ. ಸಂಜೆಯಿಂದ ಮರುದಿನ ಬೆಳಗಿನವರೆಗೂ ಝಾಂಕಿಗಳ ಮೆರವಣಿಗೆ. ಝಾಂಕಿ ಅಂದರೆ ಗಾಡಿಯ ಮೇಲೆ ಕಟ್ಟಿದ, ಮೋಟರಿನಿಂದ ಅಲ್ಲಾಡುವ ಗೊಂಬೆಗಳ ದೃಶ್ಯ. ಸುತ್ತ ಲೆಕ್ಕವಿಲ್ಲದಷ್ಟು ಬಲ್ಬುಗಳು. ರಾಮಾಯಣ, ಕೃಷ್ಣಲೀಲೆ, ಜೊತೆಗೆ ಆ ವರ್ಷ ಜನರ ಬಾಯಲ್ಲಿದ್ದ ಯಾವುದಾದರೂ ಸುದ್ದಿ. ಮುಂದೆ ಅಖಾಡಾದ ಹುಡುಗರು ಕೋಲು, ಕತ್ತಿ ತಿರುಗಿಸುತ್ತಾ ಹೋಗುತ್ತಾರೆ.

ಇದನ್ನು ಕಟ್ಟುವವರು ಬಟ್ಟೆ ಗಿರಣಿಗಳ ಕಾರ್ಮಿಕರು. ಹುಕುಮ್‌ಚಂದ್, ಮಾಲ್ವಾ, ರಾಜಕುಮಾರ್, ಕಲ್ಯಾಣ್, ಸ್ವದೇಶಿ ಅಂತ ಗಿರಣಿಗಳಿದ್ದವು. ಪ್ರತಿ ಗಿರಣಿಗೂ ತನ್ನ ಝಾಂಕಿ, ಯಾರದು ಚೆಂದ ಅಂತ ಪೈಪೋಟಿ. ಆ ಗಿರಣಿಗಳು ಮುಚ್ಚಿ ದಶಕಗಳಾದವು. ಹುಕುಮ್‌ಚಂದ್ ಗಿರಣಿ 1990ರ ದಶಕದ ಆರಂಭದಲ್ಲೇ ನಿಂತಿತು. ಅಲ್ಲಿನ ಕಾರ್ಮಿಕರಿಗೆ ಬರಬೇಕಿದ್ದ ಬಾಕಿ, ಸುಮಾರು 224 ಕೋಟಿ ರೂಪಾಯಿ, ಬಿಡುಗಡೆಯಾದದ್ದು 2023ರ ಡಿಸೆಂಬರ್‌ನಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಜನ ತೀರಿಕೊಂಡಿದ್ದರು. ಆದರೂ ಕೆಲಸವಿಲ್ಲದ, ಸಂಬಳವಿಲ್ಲದ ಆ ವರ್ಷಗಳಲ್ಲಿ ಚಂದಾ ಎತ್ತಿ ಝಾಂಕಿ ಕಟ್ಟುವುದನ್ನು ಮಾತ್ರ ಅವರು ಬಿಡಲಿಲ್ಲ. ಗಿರಣಿಯ ಸೈರನ್ ನಿಂತರೂ ಗಿರಣಿಯ ಹೆಸರಿನ ಗಾಡಿ ಹೊರಡುತ್ತದೆ.

ನಾನು ನಿಂತಿದ್ದ ಕಡೆ ಒಂದು ಗಾಡಿ ಸ್ವಲ್ಪ ಹೊತ್ತು ತಡೆಯಿತು. ಗೋವರ್ಧನ ಎತ್ತುವ ಕೃಷ್ಣ. ಬೆಟ್ಟ ಮೇಲೆ ಹೋಗಬೇಕು, ಕೈ ಅರ್ಧದಲ್ಲೇ ಸಿಕ್ಕಿಕೊಂಡಿತ್ತು. ಬಿಳಿ ತಲೆಯ ಒಬ್ಬರು ಗಾಡಿಯ ಕೆಳಗೆ ತೂರಿದರು. ಬಾಯಲ್ಲಿ ಟಾರ್ಚು, ಕೈಯಲ್ಲಿ ಸ್ಪ್ಯಾನರು. ಬೆಲ್ಟ್ ಜಾರಿದೆ ಅಂತ ಯಾರೋ ಹೇಳಿದರು. ಹುಡುಗರು ಸಹಾಯಕ್ಕೆ ಬಗ್ಗಿದರೆ ಅವರು ಕೈ ಆಡಿಸಿ ಬೇಡ ಅಂದರು. ಸ್ವಲ್ಪ ಹೊತ್ತಿಗೆ ಬೆಟ್ಟ ಕುಲುಕಿ ಮೇಲೆದ್ದಿತು. ಇಡೀ ರಸ್ತೆ ಜೈಕಾರ ಹಾಕಿತು. ಅವರು ಹೊರಬಂದು ಕೈಗೆ ಹತ್ತಿದ ಗ್ರೀಸನ್ನು ಬಟ್ಟೆಗೆ ಒರೆಸಿಕೊಂಡು ಮೇಲಕ್ಕೆ ನೋಡಿದರು, ಬೆಟ್ಟ ಇನ್ನೊಂದು ಸಲ ಸರಿಯಾಗಿ ಇಳಿದು ಏರುವವರೆಗೂ. ಮಗ್ಗಗಳನ್ನು ಓಡಿಸಿದ ಕೈಗಳು ಅವು ಅಂತ ನನಗೆ ಅನ್ನಿಸಿತು. ನನ್ನ ಕಣ್ಣು ತುಂಬಿಬಂತು.

ಹೊಸ ಊರಿಗೆ ಬಂದವರು ಹೇಗಿರಬೇಕು ಅಂತ ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ಪಕ್ಕದ ದೇವಾಸ್. ಇಂದೋರಿನಿಂದ ಒಂದು ಗಂಟೆಯ ದಾರಿ. ನಮ್ಮ ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಸಿದ್ದರಾಮಯ್ಯ ಕೊಂಕಾಳಿಮಠ, ಅಂದರೆ ಹಿಂದೂಸ್ತಾನಿ ಗಾಯಕ ಕುಮಾರ ಗಂಧರ್ವ, 1948ರಲ್ಲಿ ಅಲ್ಲಿಗೆ ಬಂದರು. ಬಂದದ್ದು ಹಾಡಲಿಕ್ಕಲ್ಲ. ಕ್ಷಯ ಹಿಡಿದಿತ್ತು, ಒಣ ಹವೆ ಒಳ್ಳೆಯದು ಅಂತ ಬಂದರು. ಹಾಡಲೇಬಾರದು ಅಂತ ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ವರ್ಷಗಟ್ಟಲೆ ಹಾಸಿಗೆ ಹಿಡಿದಿದ್ದ ಅವರು ಮಾಡಿದ್ದು ಕೇಳುವ ಕೆಲಸ. ಮಾಳವದ, ಅಂದರೆ ಇಂದೋರ್, ದೇವಾಸ್ ಇರುವ ಈ ಸೀಮೆಯ ಹೆಂಗಸರ ಹಾಡು, ಭಿಕ್ಷೆಗೆ ಬರುವ ಜೋಗಿಗಳ ಕಬೀರನ ಪದ, ಹಬ್ಬದ ಹಾಡು, ಮಳೆಗಾಲದ ಹಾಡು. ಮತ್ತೆ ಹಾಡಲು ಎದ್ದಾಗ ಅವರ ದನಿಯಲ್ಲಿ ಆ ನೆಲ ಸೇರಿಕೊಂಡಿತ್ತು. ಜನಪದ ಧಾಟಿಗಳಿಂದ ಹೊಸ ರಾಗಗಳನ್ನು ಕಟ್ಟಿದರು, ನಿರ್ಗುಣ ಭಜನೆಗಳನ್ನು ಹಾಡಿದರು. 1992ರಲ್ಲಿ ತೀರಿಕೊಂಡದ್ದೂ ದೇವಾಸಿನಲ್ಲೇ. ಕನ್ನಡದ ನೆಲದಿಂದ ಹೋದವರನ್ನು ಮಾಳವ ಇಷ್ಟು ತನ್ನವರನ್ನಾಗಿ ಮಾಡಿಕೊಂಡಿತಲ್ಲ ಅಂತ ನನಗೆ ಹೆಮ್ಮೆ.

ಈಚೆಗೆ ಸರಾಫಾದ ಬಗ್ಗೆ ಊರಲ್ಲಿ ಜಗಳ ಎದ್ದಿದೆ. ಅಂಗಡಿಗಳು ಮಿತಿ ಮೀರಿ ಹೆಚ್ಚಾಗಿವೆ, ಕಿರಿದಾದ ಬೀದಿಯಲ್ಲಿ ಸಾಲು ಸಾಲು ಗ್ಯಾಸ್ ಸಿಲಿಂಡರು, ಬೆಂಕಿ ಬಿದ್ದರೆ ಅಗ್ನಿಶಾಮಕ ಗಾಡಿ ಒಳಗೆ ಬರಲು ಜಾಗವಿಲ್ಲ ಅನ್ನುವುದು ಚಿನ್ನದಂಗಡಿಯವರ ಆತಂಕ. ಹಳೆಯ ತಿಂಡಿಗಳ ಜಾಗಕ್ಕೆ ಎಲ್ಲ ಊರಲ್ಲೂ ಸಿಗುವ ಮೊಮೊ, ನೂಡಲ್ಸ್ ಬಂದಿವೆ ಅನ್ನುವುದು ಹಳಬರ ಕೊರಗು. ಎರಡೂ ನಿಜ, ನಾನೇ ನೋಡಿದ್ದೇನೆ. ಕೆಲವರು ಎಲ್ಲವನ್ನೂ ಬೇರೆ ಕಡೆ ಸಾಗಿಸಿಬಿಡಿ ಅನ್ನುತ್ತಾರೆ. ಅದಕ್ಕೆ ಮಾತ್ರ ನನ್ನ ಒಪ್ಪಿಗೆ ಇಲ್ಲ. ಅಚ್ಚುಕಟ್ಟಾಗಿ ಕಟ್ಟಿದ ತಿಂಡಿ ಬೀದಿ ಬೇಕೆಂದರೆ ಛಪ್ಪನ್ ದುಕಾನ್ ಆಗಲೇ ಇದೆ. 2020ರಲ್ಲಿ ಹೊಸದಾಗಿ ರೂಪಿಸಿದ ಆ ಬೀದಿಯಲ್ಲಿ ವಾಹನಗಳ ಕಾಟವಿಲ್ಲ, ಕೂರಲು ಬೆಂಚುಗಳಿವೆ, ಚೆನ್ನಾಗಿದೆ, ನಾನೂ ಹೋಗುತ್ತೇನೆ. ಅಲ್ಲಿ ಜಾಗ ತಿಂಡಿಯವರದೇ. ಸರಾಫಾದಲ್ಲಿ ಅದು ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಟ್ಟ ಜಾಗ. ಸಿಲಿಂಡರು ಕಡಿಮೆ ಮಾಡಲಿ, ಪೈಪಿನಲ್ಲಿ ಗ್ಯಾಸ್ ತರಲಿ ಅಥವಾ ಕರೆಂಟ್ ಒಲೆ ಇಡಲಿ, ಗಾಡಿ ಹೋಗುವಷ್ಟು ದಾರಿ ಬಿಡಿಸಲಿ, ಜಾಗ ಕೊಡುವಾಗ ಕೀಸ್ ಮಾಡುವವರಿಗೆ, ಗರಾಡು ಕರಿಯುವವರಿಗೆ ಮೊದಲು ಕೊಡಲಿ. ಆದರೆ ಒಲೆಗಳು ಆ ಜಗಲಿಗಳ ಮೇಲೆಯೇ ಉರಿಯಲಿ.